ಆವತ್ತು ನಾನು ಯಾವ ದೇಶದಲ್ಲಿದ್ದೆ

ಮೈಸೂರಿಗೆ ಬಂದ ಮೂರನೆಯ ದಿನ, ವಿದೇಶಿಯರ ನೋಂದಣಿಗೆಂದು ಪೊಲೀಸ್ ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದಾಗ, ಒಂದಕ್ಷರ ಕನ್ನಡ ಬಾರದ ನನಗೆ ಅಲ್ಲಿಯವರ ಮಾತು ಅರ್ಥವಾಗತೊಡಗಿತು. ಅರ್ಜಿ ಎಂದರು. ತಾರೀಖು ಎಂದರು. ಹಾಜರು, ದಾಖಲೆ, ಮೊಹರು, ಕಾಗದ. ಎಲ್ಲವೂ ನಮ್ಮಮ್ಮನ ಭಾಷೆಯವು, ಫಾರ್ಸಿ. ಇರಾನಿನ ಕೆರ್ಮಾನ್ ಎಂಬ ಊರಿನಿಂದ ಎಂ.ಎಸ್ಸಿ. ಓದಲು ಬಂದಿದ್ದ ನಾನು, ಜ್ವರವೇನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿಕೊಂಡೆ. ಹೊರಗೆ ಬಂದು ಹೋಟೆಲಿಗೆ ಹೋದರೆ ಒಂದು ಮಾತೂ ತಿಳಿಯಲಿಲ್ಲ. ನೀರು ಕೇಳಲು ಪಕ್ಕದವರ ಲೋಟ ತೋರಿಸಬೇಕಾಯಿತು. ಕಚೇರಿಗಳಲ್ಲಿ ಮಾತ್ರ ನಮ್ಮ ಭಾಷೆಯಾಡುವ ಊರಿದು ಎಂದು ಅಣ್ಣನಿಗೆ ಪತ್ರ ಬರೆದೆ. ಹೀಗೆಂದು ನನ್ನ ನೆನಪು. ಆ ಪತ್ರ ಈಗ ಅಣ್ಣನ ಬಳಿ ಇಲ್ಲ, ಆದ್ದರಿಂದ ಸಾಕ್ಷಿಯೂ ಇಲ್ಲ.

ಓದು ಮುಗಿದರೂ ನಾನು ಹಿಂತಿರುಗಲಿಲ್ಲ. ಸಹಪಾಠಿ ಸವಿತಾಳನ್ನು ರಿಜಿಸ್ಟರ್ ಮದುವೆಯಾಗಿ ಹಿನಕಲ್‌ನಲ್ಲಿ ಅವಳ ತವರಿನ ಪಕ್ಕದಲ್ಲೇ ಮನೆ ಮಾಡಿದೆ. ಬೆಹ್ರೂಜ್ ಎಂಬ ನನ್ನ ಹೆಸರು ಆ ಬೀದಿಯಲ್ಲಿ ಒಂದೇ ವಾರಕ್ಕೆ ಬೈರಣ್ಣ ಆಯಿತು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಯಲು ಮಾತ್ರ ಒಂದು ವರ್ಷ ಹಿಡಿಯಿತು. ನಮ್ಮಲ್ಲಿ ಪಾತ್ರೆಯ ತಳಕ್ಕೆ ಹಿಡಿದು ಗರಿಗರಿಯಾದ ಅನ್ನಕ್ಕೆ ತಹ್‌ದೀಗ್ ಎನ್ನುತ್ತೇವೆ. ಅದು ಮೊದಲು ಅತಿಥಿಗೆ. ಹಿನಕಲ್‌ನಲ್ಲಿ ಅನ್ನ ತಳ ಹಿಡಿದರೆ ಅತ್ತೆ ತಾಯಮ್ಮನವರು ನಾಚಿಕೊಂಡು ಪಾತ್ರೆಯನ್ನು ಹಿತ್ತಲಿಗೆ ಒಯ್ಯುತ್ತಿದ್ದರು. ಒಮ್ಮೆ ನಾನು ಹಿಂದೆಯೇ ಹೋಗಿ ಕೆರೆದು ತಿಂದೆ. “ಸೀದೋಗಿರೋದ ತಿಂತಾವ್ರಲ್ಲ, ಮನೇಲಿ ಹೊಟ್ಟೆಗಾಕಕಿಲ್ಲ ಅಂತಾರೆ ಕಂಡೋರು” ಎಂದು ಅವರು ಬೀದಿಯ ಕಡೆ ನೋಡಿದರು.

ಇಷ್ಟಾದರೂ ಕಾಗದದಲ್ಲಿ ನಾನು ವಿದೇಶಿ. ವಾಸದ ಪರವಾನಗಿಯನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕು. ಇಲ್ಲಿಯವರನ್ನು ಮದುವೆಯಾಗಿ ಏಳು ವರ್ಷ ಇಲ್ಲೇ ನೆಲೆಸಿದವರು ಪೌರತ್ವ ಕೇಳಬಹುದೆಂದು ಗೊತ್ತಿದ್ದರೂ ಮುಂದೂಡುತ್ತಲೇ ಬಂದಿದ್ದೆ. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಇಲ್ಲಿಯವನಾದ ಮೇಲೆ ಹುಟ್ಟಿದೂರಿಗೆ ಪರದೇಶಿಯ ಹಾಗೆ ಹೋಗಬೇಕು. ಆದರೆ ಕಳೆದ ಸಲ ನವೀಕರಣ ತಡವಾಗಿ, ಹೂಟಗಳ್ಳಿಯಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯವರು ಮೂರು ವಾರ ನನ್ನನ್ನು ಗೇಟಿನೊಳಗೆ ಬಿಡಲಿಲ್ಲ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಅರ್ಜಿ ಹಾಕಿದೆ.

ದೇಶ ಬಿಟ್ಟು ಹೋದ ಪ್ರತಿ ಪ್ರಯಾಣವನ್ನೂ ಕಾರಣ ಸಹಿತ ಪಟ್ಟಿ ಮಾಡಿ ಕೊಡಬೇಕಿತ್ತು. ಅದನ್ನು ಜಿಲ್ಲಾ ಕಚೇರಿಯಲ್ಲಿ ನೋಡಿದವರು ಗುಮಾಸ್ತ ಶಿವಣ್ಣ. ಒಂದು ಸಾಲಿನ ಮೇಲೆ ಪೆನ್ನು ನಿಲ್ಲಿಸಿದರು.

“ಸಾರ್, ತಂದೆಯವರ ಮಣ್ಣಿಗೆ ಹೋಗಿದ್ದೆ ಅಂತ ಬರ್ದು, ತೀರ್ಕೊಂಡ ತಾರೀಖೂ ಕೊಟ್ಟಿದೀರ. ಪಾಸ್‌ಪೋರ್ಟ್ ನೋಡಿದ್ರೆ ನೀವು ಇಲ್ಲಿಂದ ಹೊರಟಿರೋದೇ ಅವ್ರು ತೀರ್ಕೊಂಡ ಐದು ದಿನ ಆದ್ಮೇಲೆ.”

ನಮ್ಮ ಪಂಚಾಂಗ ಬೇರೆ, ಅಪ್ಪ ತೀರಿಕೊಂಡದ್ದು ನಮ್ಮ ಖೊರ್ದಾದ್ ತಿಂಗಳಲ್ಲಿ, ಅದನ್ನು ಇಂಗ್ಲಿಷ್ ತಾರೀಖಿಗೆ ತರುವಾಗ ತಪ್ಪಿರಬೇಕು ಎಂದೆ. ಅಲ್ಲೇ ನಿಂತು ಮೂರು ಸಲ ಲೆಕ್ಕ ಹಾಕಿದೆ. ಐದು ದಿನ ಹಾಗೇ ಉಳಿಯಿತು. ಮೊಹರು ತಪ್ಪಿರಬಹುದು ಎಂದೆ.

“ಬೆಂಗ್ಳೂರಲ್ಲಿ ಹಾಕಿದ್ದೂ ತಪ್ಪು, ನಿಮ್ಮ ದೇಶದಲ್ಲಿ ಹಾಕಿದ್ದೂ ತಪ್ಪು, ನೀವೊಬ್ರೇ ಸರಿನಾ ಸಾರ್? ಕೆಳಗಡೆ ಎಲ್ಲಾ ಸತ್ಯ ಅಂತ ಸಹಿ ಹಾಕ್ತೀರ. ನಾಳೆ ವಿಚಾರಣೇಲಿ ಸುಳ್ಳು ಅಂತ ಬಂದ್ರೆ ಅರ್ಜೀನೇ ವಜಾ ಆಗೋಯ್ತದೆ. ಮನೆಗೋಗಿ ಯೋಚ್ನೆ ಮಾಡ್ಕಂಡು ಬನ್ನಿ.”

ಯೋಚಿಸುವುದೇನಿದೆ? ಅಪ್ಪನ ಶವಕ್ಕೆ ನಾನು ಹೆಗಲು ಕೊಟ್ಟಿದ್ದೆ. ಎಡ ಹೆಗಲು. ಆ ಭಾರ ಈಗಲೂ ನೆನಪಿದೆ.

ಮನೆಗೆ ಬಂದು ಹೇಳಿದಾಗ ಸವಿತಾ ನನ್ನ ಮುಖವನ್ನೇ ನೋಡಿದಳು. “ನೀವು ಆವತ್ತು ಇಲ್ಲೇ ಇದ್ರಲ್ರೀ. ಟಿಕೆಟ್ ಸಿಗ್ಲಿಲ್ಲ. ಊಟನೂ ಮಾಡ್ದೆ ಮಹಡಿ ಮೆಟ್ಲಲ್ಲೇ ಕೂತಿದ್ರಿ.”

“ಹಾಗಾದ್ರೆ ನಾನು ಹೊತ್ತಿದ್ದು ಯಾರನ್ನ? ಬಿದಿರಿನ ಸಿಬರು ಚುಚ್ಚಿ ಹೆಗಲಲ್ಲಿ ರಕ್ತ ಬಂದಿತ್ತು.”

ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು. “ಅಯ್ಯೋ ಬೈರಣ್ಣ, ಅದು ನಿಮ್ಮಾವನ್ನ ಎತ್ತಿದ ದಿನ ಕಣಪ್ಪ. ಸಿಬರ ನಾನೇ ತಾನೆ ಪಿನ್ನಲ್ಲಿ ತೆಗ್ದಿದ್ದು? ಎಂಗೆ ಮರ್ತ್‌ಬುಟ್ರಿ?”

ಮಾವ ಹೋದದ್ದು ಅಪ್ಪನಿಗಿಂತ ಒಂದು ವರ್ಷ ಮೊದಲು. ಆ ದಿನ ಚಟ್ಟಕ್ಕೆ ನಾನು ಕೈ ಹಾಕಿದಾಗ ನೆಂಟರಲ್ಲೊಬ್ಬರು, ಇವರು ನಮ್ಮವರಲ್ಲವಲ್ಲ ಎಂದರಂತೆ. “ಇವ್ರು ಹೊರ್‌ದಿದ್ರೆ ಇನ್ಯಾರು ಹೊರ್ತಾರೆ? ಹೊರ್ಲಿ ಬುಡಿ” ಎಂದು ಅತ್ತೆ ಅಳುತ್ತಲೇ ಗದರಿದರಂತೆ. ಇದನ್ನೆಲ್ಲ ಸವಿತಾ ಹೇಳಿದಳು. ನನಗೆ ಒಂದು ಮಾತೂ ನೆನಪಿರಲಿಲ್ಲ.

ನಿಮ್ಮ ನೆನಪೂ ನೆನಪೇ ತಾನೆ, ಅದೇಕೆ ತಪ್ಪಿರಬಾರದು ಎಂದು ವಾದಿಸಿದೆ.

“ಓದ್ದೋರ ಬುದ್ಧಿ ನೋಡವ್ವ” ಎಂದರು ಅತ್ತೆ ಮಗಳ ಕಡೆ ತಿರುಗಿ. “ಹೆಗಲು ಅವ್ರದು, ಸಾಕ್ಷಿ ನಾವು ಹೇಳ್ಬೇಕು.”

ವಾದ ಅಲ್ಲಿಗೆ ನಿಂತಿತು, ಆದರೆ ನನ್ನನ್ನು ಒಪ್ಪಿಸಿದ್ದು ಅವರಲ್ಲ, ಬಿದಿರು. ಕೆರ್ಮಾನ್ ಮರುಭೂಮಿಯ ಅಂಚಿನ ಊರು. ಅಲ್ಲಿ ಹೆಣವನ್ನು ಮರದ ಪೆಟ್ಟಿಗೆಯಲ್ಲಿ ಒಯ್ಯುತ್ತಾರೆ. ಹಸಿ ಬಿದಿರನ್ನು ನಾನು ಮೊದಲು ಕಂಡದ್ದೇ ಮೈಸೂರಿನಲ್ಲಿ.

ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ಅಮ್ಮ ಇರುವುದು ಅವನ ಮನೆಯಲ್ಲಿ. ಅಪ್ಪನನ್ನು ಒಯ್ಯುವಾಗ ಮುಂದಿನ ಎಡಗಡೆ ಯಾರಿದ್ದರು ಎಂದು ನಮ್ಮ ಭಾಷೆಯಲ್ಲಿ ಕೇಳಿದೆ. 

“ನಾನಿದ್ದೆ. ಆದರೆ ಅಮ್ಮ ಎಲ್ಲರಿಗೂ ನೀನೇ ಇದ್ದೆ ಅಂತ ಹೇಳುತ್ತಾಳೆ. ಮೊದಲಿನಿಂದಲೂ.”

“ನೀನು ತಿದ್ದಲಿಲ್ಲವಾ?”

“ಹೊತ್ತಿದ್ದಂತೂ ಹೊತ್ತಾಗಿದೆ. ಹೆಸರು ಯಾರದಾದರೇನು? ನೀನೂ ತಿದ್ದಬೇಡ.”

ಸುಳ್ಳು ನೆನಪು ನನ್ನೊಳಗೆ ಹೊಕ್ಕದ್ದು ಅಮ್ಮನ ಮಾತಿನಿಂದಲೋ, ಅಥವಾ ನಾನೇ ಯಾವಾಗಲೋ ಅವಳಿಗೆ ಹಾಗೆ ಹೇಳಿದ್ದೆನೋ, ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೂ ಇಲ್ಲ.

ಮರುದಿನ ಪಟ್ಟಿಯ ಆ ಸಾಲನ್ನು ತಿದ್ದಿದೆ: ತಂದೆಯ ಮರಣಾನಂತರ ಕುಟುಂಬದ ಭೇಟಿ. ಶಿವಣ್ಣ ಎರಡು ಸಲ ಓದಿ, “ಈಗ ಕೂಡ್ತು ನೋಡಿ ಸಾರ್” ಎಂದು ಸಹಿಯ ಜಾಗ ತೋರಿಸಿದರು. ಸಹಿ ಹಾಕಲು ನನಗೆ ಹೊತ್ತು ಹಿಡಿಯಿತು. ಅಪ್ಪನ ಮಣ್ಣಿನಲ್ಲಿ ನಾನಿರಲಿಲ್ಲ ಎಂದು ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೆ, ಅದೂ ಇನ್ನೊಂದು ದೇಶದವನಾಗಲಿಕ್ಕೆ.

ಪೊಲೀಸರು ಹಿನಕಲ್‌ಗೆ ಬಂದು ವಿಚಾರಿಸಿಕೊಂಡು ಹೋಗಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಬಂದ ಮೇಲೆ ಅಮ್ಮನನ್ನು ನೋಡಲು ವೀಸಾ ಕೇಳಬೇಕು. ಕೊಟ್ಟರೆ ಹೋಗುತ್ತೇನೆ. ಅವಳು ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿ, ನನ್ನ ಎಡ ಹೆಗಲು ತಟ್ಟಿ, ಆ ದಿನದ ಕಥೆ ಹೇಳುತ್ತಾಳೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಅಲ್ಲಿ ಯಾರೂ ನನ್ನ ಸಹಿ ಕೇಳುವುದಿಲ್ಲ.