ಒತ್ತಿದರೆ ನೋಯುವ ಜಾಗ

ನನ್ನ ಮೈದುನನ ಅಂಗಿಗಳೆಲ್ಲ ಹರಿಯುತ್ತಿದ್ದದ್ದು ಒಂದೇ ಜಾಗದಲ್ಲಿ. ಕಾಲರಲ್ಲ, ಮೊಣಕೈಯಲ್ಲ, ಎಡಗಡೆ ಜೇಬಿಗೂ ಗುಂಡಿಪಟ್ಟಿಗೂ ನಡುವೆ, ರೂಪಾಯಿ ನಾಣ್ಯದಷ್ಟು ಅಗಲ. ಅಲ್ಲಿ ಬಟ್ಟೆ ಮೊದಲು ಮಿರುಗುತ್ತಿತ್ತು, ಆಮೇಲೆ ಜಾಳಾಗುತ್ತಿತ್ತು, ಕೊನೆಗೆ ಒಳಗಿನ ಬನಿಯನ್ ಇಣುಕುತ್ತಿತ್ತು. ಹಗಲೆಲ್ಲ ಎರಡು ಬೆರಳು ಅಲ್ಲೇ ಒತ್ತುತ್ತಿದ್ದರೆ ಯಾವ ಬಟ್ಟೆ ತಾಳೀತು?

ನಾನು ಸಿಂದಗಿಯ ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಚಡ್ಡಿ ಹಾಕಿಕೊಂಡು ಸಾಲಿಗೆ ಹೋಗುವ ಹುಡುಗ. ಮುಂದೆ ಹೈಸ್ಕೂಲು ಮಾಸ್ತರನಾಗಿ, ನಿವೃತ್ತನಾಗಿ, ಊರೆಲ್ಲ "ಸರ್" ಅಂದರೂ ನನಗೆ ಅವನು "ನೀನು", ಅತ್ತಿಗೆಯಾದ ನಾನು ಅವನಿಗೆ "ವೈನಿ". ಎದುರುಬದುರು ಮನೆ. ಅವನ ಎದೆನೋವಿನ ಸುದ್ದಿ ಅವನ ಹೆಂಡತಿಗಿಂತ ಮೊದಲು ನನಗೆ ಮುಟ್ಟುತ್ತಿತ್ತು. ಯಾಕೆಂದರೆ ಅವಳು ಕೇಳುವುದನ್ನು ಎಂದೋ ಬಿಟ್ಟಿದ್ದಳು.

ನೋವು ಶುರುವಾದದ್ದು ಕನ್ನೊಳ್ಳಿಯ ನಮ್ಮ ಹೊಲದಲ್ಲಿ. ರಾಶಿಯ ದಿನ ಆಳುಗಳ ಮುಂದೆ ಕಸುವು ತೋರಿಸಲು ತೊಗರಿ ಚೀಲ ಎತ್ತಿ ಟ್ರ್ಯಾಕ್ಟರಿಗೆ ಒಗೆದ. ಆಮೇಲೆ ಎದೆಯ ಎಡಕ್ಕೆ ಚಳಕು. ಓಣಿಯವರೆಲ್ಲ ಡಾಕ್ಟರಾದರು. ಒಬ್ಬಳು ಗ್ಯಾಸ್ ಅಂತ ಅಜವಾನದ ನೀರು ಕುಡಿಸಿದಳು, ಇನ್ನೊಬ್ಬಳು ಪಿತ್ತ ಅಂತ ಖಾರ ಬಿಡಿಸಿದಳು. ನಾನೂ ಸುಮ್ಮನಿರದೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಚಳಕು ಅಲ್ಲೇ ಇತ್ತು.

ಕೊನೆಗೆ ವಿಜಯಪುರಕ್ಕೆ, ಹೃದಯದ ಡಾಕ್ಟರರ ಹತ್ತಿರ ಹೋದೆವು. ಇಸಿಜಿ ತೆಗೆದರು, ರಕ್ತ ನೋಡಿದರು, ಎದೆ ಸ್ಕ್ಯಾನ್ ಮಾಡಿದರು, ಓಡುವ ಪಟ್ಟಿಯ ಮೇಲೆ ನಡೆಸಿದರು. ಎಲ್ಲ ಸರಿ. ಆಮೇಲೆ ಡಾಕ್ಟರು ಎದೆಯ ನಡುವಿನ ಎಲುಬಿನ ಪಕ್ಕ ಹೆಬ್ಬೆರಳಿಂದ ಒತ್ತುತ್ತ ಬಂದರು. ಒಂದು ಕಡೆ ಇವನು "ಆಯ್!" ಅಂತ ಕೂಗಿದ್ದು ಹೊರಗೆ ಸರದಿಯಲ್ಲಿ ಕೂತವರಿಗೂ ಕೇಳಿತು.

"ಹೃದಯ ಛಲೋ ಐತ್ರಿ ಸರ್. ಪಕ್ಕೆಲುಬು ಬಂದು ಕೂಡೂ ಜಾಗಾ ಬಾತೈತಿ. ಭಾರ ಎತ್ತಬ್ಯಾಡ್ರಿ, ಬಿಸಿ ಶಾಖಾ ಕೊಡ್ರಿ, ನಾಕ ದಿನ ಗುಳಿಗಿ ತಗೊರಿ, ತಾನ ಹೋಗ್ತೈತಿ. ಹಿಂಗ ಒತ್ತಿದ್ರ ನೋವಾತಂದ್ರ ಬಾಳ ಮಾಡಿ ಹೃದಯದ್ದಿರೂದಿಲ್ಲ," ಅಂದರು ಡಾಕ್ಟರು.

ಈ ಕೊನೆಯ ಮಾತೇ ನಮ್ಮನ್ನೆಲ್ಲ ಹಾಳು ಮಾಡಿತು. "ಬಾಳ ಮಾಡಿ", ಅಂದರೆ ಬಹುತೇಕ, ಅನ್ನುವುದನ್ನು ಅವನು ವಿಜಯಪುರದಲ್ಲೇ ಬಿಟ್ಟುಬಂದ. ಉಳಿದದ್ದನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಂದಿನಿಂದ, ಇದು ಹೃದಯದ್ದಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಒತ್ತಿ ನೋಡುವುದು. ನೋವಾದರೆ ಮುಖ ಅರಳುವುದು. ಒತ್ತಿ ಒತ್ತಿ ಆ ಜಾಗ ಮಾಯಲೇ ಇಲ್ಲ. ಅಪ್ಪಿತಪ್ಪಿ ಮಾಯ್ದ ದಿನ ನಮ್ಮ ಗತಿ ಕೇಳಬೇಡಿ.

"ವೈನೀ, ಕೆಟ್ಟಿತ್ರಿ!" ಅಂತ ಒಂದು ಮುಂಜಾನೆ ಓಡಿಬಂದ. "ಒತ್ತಿದ್ರ ನೋವ ಇಲ್ರಿ!"

"ನೋವಿಲ್ಲಂದ್ರ ಛಲೋ ಆತಲ್ಲೋ."

"ಛಲೋ ಏನ್ರಿ? ಒಳಗ ಒಂಥರಾ ಆಗಾಕತ್ತೈತಿ, ಮ್ಯಾಲ ಒತ್ತಿದ್ರ ನೋವಿಲ್ಲ. ಅಂದ್ರ ಹೃದಯದ್ದ ಅಲ್ಲೇನ್ರಿ?"

"ನಿನ್ನ ಹೃದಯಕ್ಕ ಏನೂ ಆಗಿಲ್ಲೋ ಖೋಡಿ, ತಲಿಗಿ ಆಗೈತಿ! ಒತ್ತೂದ ಬಿಡ್ತೀಯೋ, ಆ ಬೆರಳ ಮುರೀಲೋ?"

ಬಾಗಿಲಲ್ಲೇ ನಿಂತು ಒತ್ತತೊಡಗಿದ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಒಂದೆರಡು ರೊಟ್ಟಿ ಬೆಂದ ಮೇಲೆ "ಬಂತ್ರಿ, ನೋವು ಬಂತು!" ಅಂದವನೇ ಬಿಸಿ ರೊಟ್ಟಿಯೊಂದನ್ನು ಸುತ್ತಿಕೊಂಡು ತಿನ್ನುತ್ತ ಮನೆಗೆ ಹೋದ.

ಇಂಥವನ ಜೊತೆ ಎಷ್ಟೋ ವರ್ಷ ಕಳೆದವು. ಮದುವೆಗೆ ಹೋದರೆ ಪಕ್ಕದ ಪಂಕ್ತಿಯವರ ಎದೆಯನ್ನೂ ವಿಚಾರಿಸುತ್ತಿದ್ದ. ಮೆಟ್ಟಿಲು ಹತ್ತಿದರೆ ಹೆಚ್ಚಾಗುತ್ತದೆಯೇ, ದವಡೆಗೆ ಹರಿಯುತ್ತದೆಯೇ, ಬೆವರು ಬರುತ್ತದೆಯೇ ಎಂದು ಮಾಸ್ತರನ ದನಿಯಲ್ಲಿ ಕೇಳುತ್ತಿದ್ದ. ಜನ ಎಲೆ ಬಿಟ್ಟು ಏಳುವುದೊಂದು ಬಾಕಿ.

ಒಂದು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಇಳಿದುಬಂದ ನಾನು ಕಟ್ಟೆಯ ಮೇಲೆ ಕೂತೆ. ಸೀರೆಯೆಲ್ಲ ಬೆವರು. ಅವನು ತನ್ನ ಪುರಾಣ ಹೇಳಲು ದಾಟಿಬಂದ.

"ಯಾಕ್ರಿ ವೈನಿ, ಮಾರಿ ಹಿಂಗ್ಯಾಕಾಗೈತಿ?"

"ಪಿತ್ತ. ನಿನ್ನಿ ಝುಣಕಾ ತಿಂದಿದ್ದೆ. ನಿಂದ ಆಮ್ಯಾಲ ಹೇಳು, ಹೋಗು."

"ಎಲ್ಲಿ ನೋವ್ರಿ?"

"ನೋವೆಲ್ಲೈತೋ? ಎದಿ ಮ್ಯಾಲ ಹಿಟ್ಟಿನ ಡಬ್ಬಿ ಇಟ್ಟಂಗ ಆಗೈತಿ, ಅಷ್ಟ. ದವಡಿ ಹಿಡಕೊಂಡೈತಿ."

"ಒತ್ತಿ ನೋಡ್ರಿ."

ಬಂದ ಸಿಟ್ಟಿಗೆ ಅವನನ್ನೇ ಒತ್ತಿಬಿಡಬೇಕು ಅನಿಸಿತು. ಪೀಡೆ ತೊಲಗಲಿ ಅಂತ ಎದೆಯ ಮೇಲೆ ಬೆರಳೂರಿ ಒತ್ತಿದೆ. "ತಗೋ, ಒತ್ತೀನಿ. ಏನೂ ನೋವಿಲ್ಲ. ಆತಿಲ್ಲೋ ನಿನಗ ಸಮಾಧಾನ?"

ಅವನ ಬೆರಳು ಅವನ ಎದೆಯಿಂದ ಕೆಳಗಿಳಿಯಿತು. ಬೀದಿಗೆ ಓಡಿ ಯಾರದೋ ಕಾರು ನಿಲ್ಲಿಸಿದ. ಬಯ್ಯುತ್ತಿದ್ದ ನನ್ನನ್ನು ಹಾಗೇ ಎತ್ತಿ ಕೂರಿಸಿದ, ತೊಗರಿ ಚೀಲದ ಹಾಗೆ. ಊರ ಆಸ್ಪತ್ರೆಯಲ್ಲಿ ಇಸಿಜಿ ನೋಡಿ, ಗುಳಿಗೆ ಕೊಟ್ಟು, ಆಂಬುಲೆನ್ಸಿನಲ್ಲಿ ವಿಜಯಪುರಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಅವನು ತನ್ನ ಎದೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ರಕ್ತನಾಳ ಮುಚ್ಚಿತ್ತಂತೆ, ಸ್ಟೆಂಟ್ ಹಾಕಿದರು. ಪಿತ್ತ ಅಂತ ಮನೆಯಲ್ಲೇ ಕೂತಿದ್ದರೆ ಉಳಿಯುತ್ತಿರಲಿಲ್ಲ ಅಂದರು. ಇವನು ಹೆಮ್ಮೆಯಿಂದ ತನ್ನ ಪರೀಕ್ಷೆಯ ವಿಷಯ ಹೇಳಿದ್ದಕ್ಕೆ ಡಾಕ್ಟರು ಗದರಿದರು: "ಒತ್ತಿ ನೋಡೂದೊಂದ ನಂಬಬ್ಯಾಡ್ರಿ ಸರ್. ಒತ್ತಿದ್ರ ನೋವಾಗೂ ಮಂದಿಗೂ ಹೃದಯದ್ದು ಇರ್ಬಹುದು. ಮೊದಲ ದವಾಖಾನಿಗೆ ಬರ್ಬೇಕು." ತಲೆಯಾಡಿಸಿದ. ಹೊರಗೆ ಬಂದು ಒತ್ತಿಕೊಂಡ.

ಚೇತರಿಸಿಕೊಳ್ಳಲು ನಾನು ಮಗಳ ಮನೆಯಲ್ಲಿದ್ದಾಗ ದಿನಾ ಮುಂಜಾನೆ ಫೋನಿಗೆ ಅವನ ಬರಹ ಬರುತ್ತಿತ್ತು: "ಒತ್ತಿದೆ. ನೋಯುತ್ತದೆ. ಕ್ಷೇಮ." ಅದಕ್ಕೆ "ಒತ್ತಬೇಡ" ಅಂತ ತಿರುಗಿ ಬಯ್ಯಲಿಕ್ಕಾಗಿಯೇ ಮೊಮ್ಮಗಳ ಕೈಯಿಂದ ಈ ಫೋನಿನ ಅಕ್ಷರ ಕಲಿತೆ.

ಅವನನ್ನು ಒಯ್ದದ್ದು ಹೃದಯವಲ್ಲ, ಈ ಮಳೆಗಾಲದ ನ್ಯುಮೋನಿಯಾ. ಕೊನೆಯ ಸಂಜೆ ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ನಾನಿದ್ದೆ. "ಕೇಳಿದ್ಯೇನೋ? ಹೃದಯ ಇನ್ನೂ ಗಟ್ಟಿ ಐತಂತ," ಅಂದೆ. ತಪ್ಪು ಉತ್ತರ ಕೊಟ್ಟ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದ. ಕೈ ಎತ್ತಲು ಹೋದ, ಆಗಲಿಲ್ಲ.

"ವೈನಿ, ನೀವ ಒತ್ತಿ ನೋಡ್ರಿ."

ಮೈಮೇಲೆ ಅವನ ಅಂಗಿ ಇರಲಿಲ್ಲ. ಆದರೂ ಜಾಗ ಹುಡುಕಬೇಕಾಗಲಿಲ್ಲ. ಮೆಲ್ಲಗೆ ಬೆರಳಿಟ್ಟೆ.

"ಜೋರ್ ಒತ್ರಿ," ಅಂದ. ಆಗಲೂ ಕಿರಿಕಿರಿ!

ಒತ್ತಿದೆ.

"ಆಯ್."

"ನೋಯ್ತೇನೋ?"

"ಹೂಂನ್ರಿ," ಅಂದು ಕಣ್ಣು ಮುಚ್ಚಿದ. ಮುಖದಲ್ಲಿ, ನನ್ನ ಬಾಗಿಲಿನಿಂದ ರೊಟ್ಟಿ ತಿನ್ನುತ್ತ ಮನೆಗೆ ಹೋದ ದಿನದ್ದೇ ಸಮಾಧಾನ.