ಬಳೆ ತೊಟ್ಟ ಕಲ್ಲು

ರಾಯಚೂರಿನಲ್ಲಿ ನಾನೀಗ ಇರುವ ಓಣಿಯಲ್ಲಿ ಯಾರಾದರೂ ಮನೆಗೆಂದು ಕಲ್ಲು ಒಡೆಸಿದರೆ ಕಿಟಕಿ ಮುಚ್ಚಿಕೊಳ್ಳುತ್ತೇನೆ. ಸುತ್ತಿಗೆಯ ಸದ್ದಿಗಿಂತ, ಕಲ್ಲು ಸೀಳಿದಾಗ ಏಳುವ ಆ ಒಣ ವಾಸನೆ ಹೆಚ್ಚು ಕಾಡುತ್ತದೆ. ಮೂಗಿಗೆ ಬಡಿದ ಕೂಡಲೇ ಗಬ್ಬೂರಿನ ಹಾದಿಯ ನಮ್ಮ ಸಣ್ಣ ಊರಿನಲ್ಲಿರುತ್ತೇನೆ, ನಿಜಾಮರ ಆಳಿಕೆಯ ಕೊನೆಯ ವರ್ಷಗಳಲ್ಲಿ, ಗೌರತ್ತಿಯ ಸೆರಗು ಹಿಡಿದುಕೊಂಡು.

ಗೌರತ್ತಿ ನನ್ನ ಅಪ್ಪನ ತಂಗಿ. ಮಾನ್ವಿ ಕಡೆಗೆ ಮದುವೆಯಾಗಿ ಹೋದವಳು ಗಂಡ ಸತ್ತ ಮೇಲೆ ಬಳೆ ಒಡೆಸಿಕೊಂಡು ನಮ್ಮ ಮನೆಗೇ ಮರಳಿದ್ದಳು. ಇನ್ನೂ ಚಿಕ್ಕ ವಯಸ್ಸು. ಮಣ್ಣಿನ ಮಾಳಿಗೆಯ ಆ ಮನೆಯೊಳಗೆ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿಯುತ್ತಿತ್ತು. ಅಲ್ಲೇ ಕೂತು ಅತ್ತಿ ಜೋಳ ಬೀಸುತ್ತಿದ್ದಳು. ಬೆಚ್ಚನೆಯ ಹಿಟ್ಟಿನ ಘಮ, ತೊಗರಿಕಟ್ಟಿಗೆಯ ಹೊಗೆ, ಕುದಿಯುವ ಪುಂಡಿಪಲ್ಯದ ಹುಳಿ. ಹಬ್ಬದ ದಿನ ನಾವೆಲ್ಲ ಪಡಸಾಲೆಯಲ್ಲಿ ಉಣ್ಣುವಾಗ ಅವಳು ಬೀಸುವ ಕಲ್ಲಿನ ಪಕ್ಕ ಕೂತು ಉಣ್ಣುತ್ತಿದ್ದಳು. ಅಲ್ಲಿ ಕೂಡು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಇಲ್ಲಿ ಬಾ ಎಂದದ್ದನ್ನೂ ಕೇಳಿಲ್ಲ.

ಬಾವಿಯ ಹಾದಿಯಲ್ಲಿ ಒಂದು ಮಾಸ್ತಿಕಲ್ಲಿತ್ತು. ಗಂಡನ ಚಿತೆ ಏರಿದ ಯಾವಳೋ ಒಬ್ಬಳ ನೆನಪಿಗೆ ಯಾವ ಕಾಲದಲ್ಲೋ ನೆಟ್ಟದ್ದು. ಕಂಬದಿಂದ ಚಾಚಿದ ಒಂದು ಕೈ, ಮೇಲಕ್ಕೆತ್ತಿದ ಅಂಗೈ, ಮಣಿಕಟ್ಟಿನ ತುಂಬ ಕೊರೆದ ಬಳೆಗಳು. ಕೆಳಗೆ ಅಕ್ಷರಗಳಿದ್ದವು, ಓದುವವರು ಊರಲ್ಲಿರಲಿಲ್ಲ. ಹುಣ್ಣಿಮೆಗೆ ಮುತ್ತೈದೆಯರು ಎಣ್ಣೆ ಹಚ್ಚಿ ಕುಂಕುಮ ಇಡುತ್ತಿದ್ದರು. ವಿಧವೆಯರು ಮುಟ್ಟುವಂತಿರಲಿಲ್ಲ. ಅತ್ತಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ದೂರದಿಂದಲೇ ನೋಡುತ್ತ ನಿಲ್ಲುತ್ತಿದ್ದಳು. "ಸಣ್ಣಾಕಿದ್ದಾಗ ಆ ಬಳಿ ಮ್ಯಾಲೆ ಬೆರಳಾಡಿಸ್ತಿದ್ದೆ, ಕೂಸ. ಎಷ್ಟು ತಂಪಿರ್ತಿತ್ತು," ಎಂದಿದ್ದಳು ಒಮ್ಮೆ.

ಆ ಬೇಸಿಗೆಯಲ್ಲಿ ದೇವದುರ್ಗದ ದಾರಿಯ ಹಳ್ಳಕ್ಕೆ ಸೇತುವೆ ಕಟ್ಟಲು ಗುತ್ತೇದಾರನ ಆಳುಗಳು ಬಂದರು. ಹಾಳುಗುಡಿಯ ಕಲ್ಲುಗಳನ್ನು ಬಂಡಿಗೆ ಹೇರಿ ಮುಗಿಸಿ, ಮಾಸ್ತಿಕಲ್ಲಿನ ಬುಡ ಅಗೆಯತೊಡಗಿದರು. ಊರು ನೆರೆಯಿತು.

"ಇದು ಪೂಜಿ ಮಾಡೋ ಕಲ್ರೀ, ಬಿಡ್ರಿ," ಎಂದ ನಮ್ಮೂರ ಗೌಡ.

"ಸರ್ಕಾರಿ ಕೆಲಸ ಗೌಡ್ರ, ಅಡ್ಡ ಬರಬ್ಯಾಡ್ರಿ," ಎಂದ ಗುತ್ತೇದಾರ.

ಗೌಡ ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಆಳುಗಳು ಹಾರೆ ಕೆಳಗಿಟ್ಟು ಕಾದರು. ಇನ್ನೊಂದು ಮಾತು ಗಟ್ಟಿಯಾಗಿ ಬಂದಿದ್ದರೆ ಬಿಟ್ಟೇ ಹೋಗುತ್ತಿದ್ದರೇನೋ.

ಆಗ ನನ್ನೊಂದಿಗೆ ನೀರಿಗೆಂದು ಬಂದಿದ್ದ ಅತ್ತಿ ಕೊಡ ಇಳಿಸಿ, ನನ್ನ ಕೈ ಬಿಟ್ಟು, ಜನರ ನಡುವೆ ನುಗ್ಗಿ ಹೋಗಿ ಆ ಕಲ್ಲನ್ನು ತಬ್ಬಿಕೊಂಡಳು. "ಸುಟ್ಕೊಂಡು ಕಲ್ಲಾಗು ಅಂದ್ರಿ, ಆದಳು. ಈಗ ಕಲ್ಲಾಗಿನೂ ಇರಾಕ ಬಿಡಂಗಿಲ್ಲೇನ್ರಿ?"

ಗೌಡನ ಮುಖದಲ್ಲಿ ಮೂಡಿದ್ದು ಸಿಟ್ಟಲ್ಲ, ಪಾರಾದವನ ನಿರಾಳ ಎಂಬುದು ನನಗೆ ದೊಡ್ಡವಳಾದ ಮೇಲೆ ತಿಳಿಯಿತು. "ಮುಂಡಿ ಮುಟ್ಟಿದಳಲ್ಲ. ಇನ್ನ ಇದು ಪೂಜಿಗಿ ಬರಂಗಿಲ್ಲ. ಒಯ್ರಿ," ಎಂದ.

ಅಪ್ಪನೇ ಹೋಗಿ ಅವಳ ಕೈಗಳನ್ನು ಕಲ್ಲಿನಿಂದ ಬಿಡಿಸಿದ. ಬೈಯಲಿಲ್ಲ. "ನಡಿ ಗೌರಾ, ಮನಿಗಿ ನಡಿ," ಎನ್ನುತ್ತಲೇ ಇದ್ದ. ಬೆನ್ನ ಹಿಂದೆ ಸುತ್ತಿಗೆ ಬಿತ್ತು. ಅತ್ತಿ ತಿರುಗಿ ನೋಡಲಿಲ್ಲ, ನಾನು ನೋಡಿದೆ. ಕೈ ಮೊದಲು ಮುರಿಯಿತು.

ಊರ ಕಲ್ಲು ಹೋದದ್ದು ಗೌರಿಯಿಂದಲೇ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ಮಳೆಗಾಲದ ಮೊದಲಿಗೆ ವಾಂತಿಭೇದಿ ಬಂದಾಗ ಅದಕ್ಕೂ ಅವಳ ಹೆಸರೇ ಬಂತು. ಅವಳೂ ಅದೇ ಬೇನೆಗೆ ಬಿದ್ದಳು. ಅವ್ವ ಅವಳನ್ನು ಪಡಸಾಲೆಯಲ್ಲಿ ಮಲಗಿಸಿ, ಚಮಚದಿಂದ ಗಂಜಿ ಹನಿಸುತ್ತಿದ್ದಳು.

"ನಾ ಮುಟ್ಟದಿದ್ರ ಉಳೀತಿತ್ತೇನ, ಯಕ್ಕಾ?" ಎಂದು ಅತ್ತಿ ಕೇಳಿದಳು.

"ಇಲ್ಲವ್ವ, ಹೆಂಗಿದ್ರೂ ಒಯ್ತಿದ್ರು," ಎಂದಳು ಅವ್ವ.

ಅದು ನಿಜವೋ, ಸಾಯುವವಳಿಗೆ ಹೇಳಿದ ಸಮಾಧಾನವೋ, ಇವತ್ತಿಗೂ ತಿಳಿಯದು.

ನಮ್ಮ ಹೊಲದಲ್ಲೇ ಮಣ್ಣು ಮಾಡಿದರು. ಮನೆಮನೆಯಲ್ಲೂ ಸಾವಿದ್ದ ಆ ದಿನಗಳಲ್ಲಿ ಗುರುತಿಗೊಂದು ಕಲ್ಲಿಡುವ ಮಾತು ಯಾರಿಗೂ ಹೊಳೆಯಲಿಲ್ಲ. ಅಪ್ಪ ಬದುಕಿರುವತನಕ ಆ ಜಾಗ ಬಂದಾಗ ಕುಂಟೆ ಎತ್ತಿಕೊಂಡು, ಎತ್ತುಗಳನ್ನು ಸುತ್ತು ಹಾಕಿಸಿ ನಡೆಸುತ್ತಿದ್ದ. ಆಮೇಲೆ ಮನೆ ಬಿತ್ತು, ಹೊಲ ಬೇರೆಯವರ ಕೈ ಸೇರಿತು. ನಿಮ್ಮೂರಲ್ಲೂ ಇಂಥ ಒಂದು ಹೊಲ ಇದ್ದೀತು. ಈಗ ಅಲ್ಲಿ ಜೋಳದ ಸಾಲುಗಳು ಎಲ್ಲೂ ಬಾಗದೆ ನೇರ ಸಾಗುತ್ತವೆ. ಎಲ್ಲಿ ಮಲಗಿದ್ದಾಳೆ ತೋರಿಸು ಎಂದರೆ ನನಗೂ ಆಗದು.