ಗದ್ದಿಗೆಯಾಗದ ಕಂಬಳಿ

ನಮ್ಮಪ್ಪ ಕಣ್ಣಲ್ಲಿ ಕಾಣದೆ ಚೆನ್ನಾಗಿ ಬಲ್ಲ ಸೀಮೆ ಅಂತ ಒಂದಿದ್ದರೆ ಅದು ಅಮೆರಿಕದ ಐಡಹೊ ರಾಜ್ಯ. ಅವನಿಗೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗದ ಹೊಲ, ಹಳ್ಳ ಎಲ್ಲ ಗೊತ್ತಿದ್ದವು, ಕುರಿ ಹಿಂದೆ ನಡೆದು. ಐಡಹೊ ಗೊತ್ತಾದದ್ದು ನನ್ನ ಬಾಯಿಂದ.

ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಜವನಗೊಂಡನಹಳ್ಳಿ ಹತ್ತಿರದ ಹಟ್ಟಿಯಿಂದ ದಿನಾ ರಸ್ತೆವರೆಗೆ ನಡೆದು, ಬಸ್ಸಲ್ಲಿ ನಿಂತು ಓದಿದವಳು. ಚಿತ್ರದುರ್ಗದಲ್ಲಿ ಎಂ.ಎ. ಮಾಡುವಾಗ ಒಂದು ಸಲ ಮೇಷ್ಟ್ರು ಅಮೆರಿಕದ ರಾಜ್ಯಗಳ ಹೆಸರು ಬರೆದ ಚೀಟಿ ಎತ್ತಿಸಿದರು. ಸಿಕ್ಕ ರಾಜ್ಯದ ಸಂಸ್ಕೃತಿ, ಆಚಾರದ ಬಗ್ಗೆ ಸೆಮಿನಾರ್ ಕೊಡಬೇಕು. ಗೆಳತಿಯರಿಗೆ ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಬಂದವು. ನನಗೆ ಬಂದದ್ದು ಐಡಹೊ. ಆಲೂಗಡ್ಡೆ ಬೆಳೆಯುತ್ತಾರಂತೆ ಅನ್ನುವುದು ಬಿಟ್ಟರೆ ಯಾರಿಗೂ ಏನೂ ಗೊತ್ತಿರಲಿಲ್ಲ.

ಲೈಬ್ರರಿಯಲ್ಲಿ ಕೂತು ಓದುತ್ತಾ ಹೋದರೆ ಅಲ್ಲೂ ಕುರಿ! ಸ್ಪೇನ್ ಕಡೆಯ ಬೆಟ್ಟಗಳಿಂದ ಬಂದ ಬಾಸ್ಕ್ ಎಂಬ ಜನ ಅಲ್ಲಿ ಕುರಿ ಕಾದರು. ಬೇಸಿಗೆಯೆಲ್ಲ ಬೆಟ್ಟದಲ್ಲಿ ಒಬ್ಬೊಬ್ಬರೇ ಇದ್ದು, ಬಿಳಿ ತೊಗಟೆಯ ಮರಗಳ ಮೇಲೆ ತಮ್ಮ ಹೆಸರು, ಊರು ಕೊರೆದರು. ಎರಕದ ಪಾತ್ರೆಯಲ್ಲಿ ಹಿಟ್ಟಿಟ್ಟು ಕೆಂಡದ ಗುಂಡಿಯಲ್ಲಿ ಹೂತು ರೊಟ್ಟಿ ಬೇಯಿಸಿದರು. ಆ ರೊಟ್ಟಿಯ ಮೊದಲ ತುಂಡು ನಾಯಿಗೆ. ಚಳಿ ಶುರುವಾಗುವ ಮುಂಚೆ ಕುರಿ ಬೆಟ್ಟ ಇಳಿಯುವ ದಿನ ಪೇಟೆ ಬೀದಿಯ ನಡುವೆಯೇ ಮಂದೆ ಹಾಯುತ್ತದೆ, ಊರ ಜನ ಎರಡೂ ಬದಿ ನಿಂತು ಚಪ್ಪಾಳೆ ತಟ್ಟುತ್ತಾರೆ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವನು ಬೀಡಿ ಹಚ್ಚುವುದನ್ನೇ ಮರೆತು ಕೇಳಿದ.

"ಪ್ಯಾಟೆ ನಡುವೆನಾ? ಲಾರಿಯೋರು ಹಾರ್ನ್ ಹೊಡಿಯಲ್ವಾ?"

"ಇಲ್ಲಪ್ಪ, ಗಾಡಿಯೆಲ್ಲ ನಿಲ್ಲಿಸ್ತಾರೆ."

"ನಮ್ಮ ಹಿರಿಯೂರು ರೋಡ್‌ನಾಗೆ ನಿಲ್ಲಿಸ್ಲಿ ನೋಡಾಣ! ಕುರಿನೂ ಬೈತಾರೆ, ಕುರಿ ಕಾಯೋನ ತಾಯಿನೂ ಬೈತಾರೆ." ಆಮೇಲೆ ನಮ್ಮ ನಾಯಿಯ ಕಡೆ ನೋಡಿ ನಕ್ಕ. "ಮೊದಲ್ನೇ ತುತ್ತು ನಾಯಿಗೆ ಅಂದ್ಯಲ್ಲ, ಅವ್ರು ನಮ್ಮೋರೇ ಬಿಡು."

ಅದೇ ಖುಷಿಯಲ್ಲಿ ಅಪ್ಪ ಒಂದು ಕಂಬಳಿ ಮಾಡಿಸಿದ. ನಮ್ಮ ಕರಿ ಕುರಿಗಳದೇ ಉಣ್ಣೆ. ಅವ್ವ ನೂತಳು, ಪಕ್ಕದ ಹಟ್ಟಿಯವರು ನೇಯ್ದು ಹುಣಸೆಬೀಜದ ಗಂಜಿ ಹಾಕಿ ಕೊಟ್ಟರು. ಅಂಥ ಹೊಸ ಕಂಬಳಿಯ ಮೇಲೆ ಮಳೆ ಬಿದ್ದರೆ ನೀರು ಜಾರಿ ಹೋಗುತ್ತದೆ. ಆದರೆ ನಮ್ಮ ಮನೆಯಲ್ಲಿ ಒಂದು ಕಟ್ಟು ಇತ್ತು. ಹೊಸ ಕಂಬಳಿಯನ್ನು ಮೊದಲು ಒಂದು ಒಳ್ಳೆಯ ಕೆಲಸಕ್ಕೆ ನಾಲ್ಕು ಮಡಿಕೆ ಮಾಡಿ ಹಾಸಬೇಕು. ಅದಕ್ಕೆ ಗದ್ದಿಗೆ ಅನ್ನುತ್ತೇವೆ. ಗದ್ದಿಗೆ ಆಗದ ಕಂಬಳಿಯನ್ನು ಯಾರೂ ಹೊದೆಯುವಂತಿಲ್ಲ.

ಸೆಮಿನಾರಿನ ದಿನ ಅಪ್ಪ ಹೇಳದೆ ಕೇಳದೆ ಕಾಲೇಜಿಗೆ ಬಂದ. ಹೆಗಲ ಮೇಲೆ ಹಳೇ ಕಂಬಳಿ, ಕಂಕುಳಲ್ಲಿ ಹೊಸದು.

"ಮೇಜಿನ ಮ್ಯಾಲೆ ಹಾಸವ್ವ. ನಿನ್ನ ಪುಸ್ತಕ ಅದರ ಮ್ಯಾಲೆ ಇಟ್ಟು ಮಾತಾಡು. ಅಷ್ಟೇ ಸಾಕು."

"ಇಲ್ಲಿ ಅದೆಲ್ಲ ಮಾಡಂಗಿಲ್ಲಪ್ಪ."

"ಮೇಷ್ಟ್ರು ಬೈತಾರಾ?"

"ಹೂಂ, ಬೈತಾರೆ."

ಮೇಷ್ಟ್ರನ್ನು ನಾನು ಕೇಳಿಯೇ ಇರಲಿಲ್ಲ. ಕೇಳಿದ್ದರೆ ಅವರು ಬೇಡ ಅನ್ನುತ್ತಿರಲಿಲ್ಲ. ಇಸ್ತ್ರಿ ಮಾಡಿದ ಚೂಡಿದಾರ ಹಾಕಿ ನಿಂತಿದ್ದ ನನಗೆ ಆ ಕಂಬಳಿಯ ಉಣ್ಣೆ ವಾಸನೆ ಕ್ಲಾಸಿನ ತುಂಬ ಹರಡಿಬಿಡುತ್ತದೆ ಅನ್ನಿಸಿತು. ಅಪ್ಪ ಕಂಬಳಿ ಮಡಿಲಲ್ಲಿಟ್ಟುಕೊಂಡು ಹೊರಗೆ ಕಿಟಕಿ ಕೆಳಗೆ ಕುಂತ.

ನಾನು ಚೆನ್ನಾಗಿ ಮಾತಾಡಿದೆ. ಕುರಿ ಯಾವಾಗ ದಿಗಿಲು ಬೀಳುತ್ತದೆ, ಹಳ್ಳ ದಾಟುವಾಗ ಯಾವುದನ್ನು ಮುಂದೆ ಬಿಡಬೇಕು, ಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಏನ್ರಿ ಮೇಡಮ್ಮೋರೇ, ಕುರಿ ವಿಷ್ಯ ಇಷ್ಟೊಂದು ಹೆಂಗೆ ಗೊತ್ತು ನಿಮ್ಗೆ?" ಅಂದ. ಎಲ್ಲರೂ ನಕ್ಕರು.

"ಓದಿದೆ," ಅಂದೆ.

ಕಿಟಕಿ ತೆರೆದಿತ್ತು.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ಅಪ್ಪ, "ಚೆಂದಾಗಿ ಹೇಳಿದೆ ಮಗಾ. ಹಳ್ಳ ದಾಟ್ಸೋದಂತೂ ಸರಿಯಾಗಿ ಹೇಳಿದೆ," ಅಂದ. ಕಂಬಳಿ ಅವನ ಕಂಕುಳಲ್ಲಿ ಹಾಗೇ ವಾಪಸ್ ಹೋಯಿತು.

ಆಮೇಲೆ ನನಗೆ ಹಿರಿಯೂರಿನಲ್ಲಿ ಅತಿಥಿ ಉಪನ್ಯಾಸಕಿ ಕೆಲಸ ಸಿಕ್ಕಿತು. ಅಪ್ಪ ಕಂಬಳಿ ತರಲೇ ಅಂದ. ಪರ್ಮನೆಂಟ್ ಆಗಲಿ ಅಂದೆ. ಬಾಡಿಗೆ ಮನೆ ಹಾಲುಕ್ಕಿಸಿದ ದಿನ ತಂದೇಬಿಟ್ಟ. ಕಾಲೇಜಿನವರೆಲ್ಲ ಊಟಕ್ಕೆ ಬರುವವರಿದ್ದರು. ಸಾಯಂಕಾಲ ಹಾಸಾಣ ಅಂದೆ. ಸಾಯಂಕಾಲದೊಳಗೆ ಅಪ್ಪ ಕುರಿ ಕಡೆಗೆ ಹೊರಟುಹೋಗಿದ್ದ. ಕಂಬಳಿ ನನ್ನ ಟ್ರಂಕಿನಲ್ಲಿ ಉಳಿಯಿತು. ಊರಿಗೆ ಹೋದಾಗೆಲ್ಲ, "ಕಳಿಸ್ತೀನಿ, ಹೊದ್ಕಳಪ್ಪ, ಹಳೇದು ಜಾಳಾಗೈತೆ," ಅನ್ನುತ್ತಿದ್ದೆ. "ಗದ್ದಿಗೆ ಆಗ್ಲಿ ತಗಾ, ಓಡೋಗ್ತದಾ?" ಅನ್ನುತ್ತಿದ್ದ.

ಕಳೆದ ವರ್ಷ ಕೊಯ್ಲು ಮುಗಿದ ಮೇಲೆ ಹಿರೇಗುಂಟನೂರು ಕಡೆಯ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಅಪ್ಪ ಮಂದೆಯನ್ನು ತರುಬಿ ನಿಲ್ಲಿಸಿದ್ದ. ಅಕಾಲದ ಮಳೆ ಎರಡು ದಿನ ಬಿಡದೆ ಹಿಡಿಯಿತು. ಮರಿಗಳಿದ್ದವು, ಬಿಟ್ಟು ಬರುವಂತಿರಲಿಲ್ಲ. ಹಳೇ ಕಂಬಳಿ ನೀರು ಕುಡಿದು ಅಪ್ಪನ ಮೈಗೇ ಅಂಟಿಕೊಂಡಿತ್ತಂತೆ. ಚಿತ್ರದುರ್ಗದ ಆಸ್ಪತ್ರೆಗೆ ತರುವ ಹೊತ್ತಿಗೆ ಎದೆಯಲ್ಲಿ ಕಫ ಗಟ್ಟಿಯಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಅವನಿಗೆ ಸ್ವಲ್ಪ ಮಾತು ಬಂತು.

"ಆ ಪ್ಯಾಟೆ ಬೀದೀಲಿ ಕುರಿ ಹೋಗೋದು ಹೇಳವ್ವ."

ಹೇಳಿದೆ. ಬೆಟ್ಟ, ಬಿಳಿ ತೊಗಟೆ ಮರ, ನಾಯಿ, ನಿಂತ ಗಾಡಿಗಳು, ಚಪ್ಪಾಳೆ. ಕಣ್ಣು ಮುಚ್ಚಿ ಕೇಳಿದ.

"ಆ ಜನದಾಗೆ ಕುರಿಯೋರ ಮಕ್ಕಳೂ ನಿಂತಿರ್ತಾರಾ?"

"ಹೂಂ, ನಿಂತಿರ್ತಾರೆ."

"ಅಗಾ ನಮ್ಮಪ್ಪ ಅಂತ ತೋರಿಸ್ತಾರಾ?"

ಕುಹಕದಿಂದ ಕೇಳಲಿಲ್ಲ. ಅವನಿಗೆ ಕುಹಕ ಬರುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಓದಿದವಳ ಹತ್ತಿರ ಕೇಳಿದ, ಅಷ್ಟೇ.

"ತೋರಿಸ್ತಾರಪ್ಪ," ಅಂದೆ. ಅದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮಾರನೇ ದಿನ ಅಪ್ಪ ಹೋದ.

ನಾನು ಟ್ರಂಕಿನಿಂದ ಕಂಬಳಿ ತಂದು ಅವನಿಗೆ ಹೊದಿಸಲು ಹೋದೆ. ದೊಡ್ಡಪ್ಪ ಮಡಿಕೆ ಬಿಚ್ಚುವ ಮುಂಚೆಯೇ ಕೈ ಹಿಡಿದ. "ಗದ್ದಿಗೆ ಆಗೈತೇನವ್ವ ಇದು?"

"ಇಲ್ಲ."

"ಹಂಗಾರೆ ಬ್ಯಾಡ. ಅವನೇ ಒಪ್ತಿರ್ಲಿಲ್ಲ. ಒಳಗಿಡು."

ಹಳೇ ಕಂಬಳಿಯೇ ಅಪ್ಪನ ಜೊತೆ ಮಣ್ಣಿಗೆ ಹೋಯಿತು. ಮನೆ ಗೋಡೆಯಲ್ಲಿ ಅದನ್ನು ತಗಲಿಹಾಕುತ್ತಿದ್ದ ಮೊಳೆ ಬರಿದಾಗಿ ಉಳಿಯಿತು.

ಈ ವರ್ಷ ನನ್ನ ವಿದ್ಯಾರ್ಥಿಗಳಿಗೆ ಅದೇ ಐಡಹೊ ಪಾಠ ಮಾಡಬೇಕಾಯಿತು. ಕಂಬಳಿಯನ್ನು ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡೇ ಹೋದೆ. ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಹಾಸಿದೆ, ಮೇಲೆ ಪುಸ್ತಕ ಇಟ್ಟೆ. ಯಾರೂ ಬೈಯಲಿಲ್ಲ. ಮುಂದಿನ ಬೆಂಚಿನ ಹುಡುಗಿ, "ಯಾರದು ಮೇಡಂ?" ಅಂದಳು.

"ನಮ್ಮಪ್ಪಂದು. ಕುರಿ ಕಾಯ್ತಿದ್ದ. ಈಗ ಹೇಳೋದರಲ್ಲಿ ಅರ್ಧ ಅವನಿಂದ ಕಲಿತದ್ದು."

ಇಷ್ಟೇ ಮಾತು. ಒಂದೇ ಉಸಿರಿನಲ್ಲಿ ಹೇಳಿದರೆ ಅರೆ ನಿಮಿಷವೂ ಬೇಕಿರಲಿಲ್ಲ.

ಆ ಭಾನುವಾರ ಕಂಬಳಿ ತೆಗೆದುಕೊಂಡು ಹಟ್ಟಿಗೆ ಹೋದೆ. ಅವ್ವ ನನ್ನ ಮುಖ ನೋಡಿ, "ಆಯ್ತಾ?" ಅಂದಳು.

"ಆಯ್ತವ್ವ."

"ಇನ್ನು ಹೊದೀಬೋದು," ಅಂದಳು. ಅವಳೂ ಹೊದೆಯಲಿಲ್ಲ, ನಾನೂ ಹೊದೆಯಲಿಲ್ಲ. ಬಿಸಿಲಿಗೆ ಹರಡಿ, ಕೈಯಿಂದ ನೀವಿ ನೀವಿ ಮಡಿಕೆಯ ಗೆರೆ ಹೋಗಲಾಡಿಸಲು ನೋಡಿದಳು. ಹೋಗಲಿಲ್ಲ. ಹಾಗೇ ತಂದು ಅಪ್ಪನ ಮೊಳೆಗೆ ತಗಲಿಹಾಕಿದಳು.